ಹಳೆ ಮಾಡೆಲ್ ರೈಲಿನ ಉಸ್ತಾದರನ್ನು ಒಂದೇ ಹಲಗೆ ಮೇಲೆ ಓಡಿಸುವುದು ಹೇಗೆ

ಮಾಡೆಲ್ ರೈಲಿನ ಹುಚ್ಚು ಹಿಡಿದವರಿಗೆ ಜಾನ್ ಅಲೆನ್ ಹೆಸರು ಗೊತ್ತಿರುತ್ತದೆ. ಕ್ಯಾಲಿಫೋರ್ನಿಯಾದ ಮಾಂಟೆರೆ ಊರಿನ ಫೋಟೋಗ್ರಾಫರ್. ಮನೆಯ ಕೆಳಗಿನ ಕೋಣೆಯಲ್ಲಿ ಸುಮಾರು 20 ವರ್ಷ ಕೂತು ‘ಗೋರಿ ಆ್ಯಂಡ್ ಡಿಫೀಟೆಡ್’ ಅನ್ನುವ ಲೇಔಟ್, ಅಂದರೆ ಹಳಿ, ಬೆಟ್ಟ, ಊರು ಎಲ್ಲ ಇರುವ ಪುಟ್ಟ ರೈಲಿನ ಲೋಕ, ಕಟ್ಟಿದರು. ಅದರ ಬೆಟ್ಟಗಳು ನೆಲದಿಂದ ಎದ್ದು ಸೂರಿನ ತನಕ ಹೋಗುತ್ತಿದ್ದವು. 1973ರ ಜನವರಿ 6ಕ್ಕೆ ಅವರು ತೀರಿಕೊಂಡರು. ಹತ್ತು ದಿನಕ್ಕೆ ಆ ಮನೆಗೆ ಬೆಂಕಿ ಬಿತ್ತು. ಲೇಔಟ್ ಬಹುತೇಕ ಸುಟ್ಟುಹೋಯಿತು. ಈಗ ಉಳಿದಿರುವುದು ಹೆಚ್ಚಾಗಿ ಅವರೇ ತೆಗೆದ ಫೋಟೋಗಳು.

ಫೋಟೋ ಉಳಿದರೆ ಸಾಕಲ್ವಾ? ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಫ್ರೇಮ್ ಅಂಗಡಿ ಇದೆ. ಫೋಟೋಗೆ ಕಟ್ಟು ಹಾಕಿ ಹೊಟ್ಟೆ ಹೊರೆಯುವವನು ನಾನು. ಆದರೂ ಹೇಳುತ್ತೇನೆ, ರೈಲಿನ ವಿಷಯದಲ್ಲಿ ಫೋಟೋ ಸಾಲದು. ಈ ಉಸ್ತಾದರು ಬರೀ ನೋಡಲಿಕ್ಕೆ ಕಟ್ಟಲಿಲ್ಲ, ಓಡಿಸಲಿಕ್ಕೆ ಕಟ್ಟಿದರು. ಯಾವ ವ್ಯಾಗನ್ ಎಲ್ಲಿ ಬಿಡಬೇಕು, ಯಾವುದನ್ನು ಮೊದಲು ಎಳೆಯಬೇಕು ಅನ್ನುವ ತಲೆಬಿಸಿಯೇ ಅವರ ಖುಷಿ. ಆ ಖುಷಿ ಏನು ಅಂತ ತಿಳಿಯಬೇಕಾದರೆ ನಾವೂ ಓಡಿಸಬೇಕು. ಅದಕ್ಕೆ ದೊಡ್ಡ ಕೋಣೆ ಬೇಕಿಲ್ಲ. ನಾಲ್ಕೂವರೆ ಅಡಿ ಉದ್ದ, ಒಂದು ಅಡಿ ಅಗಲದ ಹಲಗೆ ಸಾಕು. ಒಬ್ಬೊಬ್ಬರಿಂದ ಒಂದೊಂದೇ ಯುಕ್ತಿ ತಗೊಂಡು ಅದರ ಮೇಲೆ ಕೂಡಿಸಬಹುದು.

ಕೆಲಸಕ್ಕೆ ಕೈ ಹಾಕುವ ಮೊದಲು ಆದರೆ ಒಮ್ಮೆ ಪುಣೆಗೆ ಹೋಗಿ ಬನ್ನಿ. ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿಯಿಂದ ನೇರ ಪುಣೆಗೆ ಹೋಗುತ್ತದೆ. ಅಲ್ಲಿ ಕೋಥ್‌ರೂಡ್‌ನಲ್ಲಿ ಭಾವುಸಾಹೇಬ್ ಜೋಶಿ ಅವರ ಪುಟ್ಟ ರೈಲುಗಳ ಮ್ಯೂಸಿಯಂ ಇದೆ. 1998ರಲ್ಲಿ ಶುರುವಾಯಿತು. ಜೋಶಿ ಅವರು ಈಗಿಲ್ಲ, ಅವರ ಗಾಡಿಗಳು ಓಡುತ್ತಿವೆ. ಮೊದಲ ಸಲ ಮಕ್ಕಳ ಜೊತೆ ಬಾಯಿ ಬಿಟ್ಟು ನೋಡಿ, ತಪ್ಪೇನಿಲ್ಲ. ಎರಡನೇ ಸಲ ಗಾಡಿ ಬಿಟ್ಟು ಹಳಿ ನೋಡಿ. ಎಲ್ಲಿ ಮರೆಯಾಗುತ್ತದೆ, ಎಲ್ಲಿಂದ ಬರುತ್ತದೆ, ಲೈಟು ಎಲ್ಲಿಂದ ಬೀಳುತ್ತದೆ ಅಂತ ಗಮನಿಸಿ. ನಮ್ಮ ಹಲಗೆಗೆ ಬೇಕಾಗುವುದು ಅದು.

ಈಗ ಹಲಗೆ. 12 ಮಿ.ಮೀ. ಪ್ಲೈವುಡ್ ತಗೊಳ್ಳಿ. ಕೆಳಗೆ ಎರಡು ಇಂಚಿನ ರೀಪರ್ ಪಟ್ಟಿಯ ಚೌಕಟ್ಟು ಕೊಡಿ. ನಮ್ಮ ಕಡೆ ಮೇ ತಿಂಗಳಲ್ಲಿ 43, 44 ಡಿಗ್ರಿ ಬಿಸಿಲು, ಆಮೇಲೆ ಒಮ್ಮೆಲೇ ಮಳೆ. ಮರ ಸೊಟ್ಟ ಆಗುವುದು ಬಿಸಿಲಿಗಲ್ಲ, ಒಂದು ಮೈ ತೇವ ಕುಡಿದು ಇನ್ನೊಂದು ಮೈ ಕುಡಿಯದೇ ಇದ್ದಾಗ. ಅದಕ್ಕೇ ಹಲಗೆಯ ಮೇಲೆ, ಕೆಳಗೆ, ನಾಲ್ಕೂ ಅಂಚಿಗೆ ವಾರ್ನಿಷ್ ಹೊಡೆಯಿರಿ. ಎಲ್ಲರೂ ಮೇಲುಗಡೆ ಮಾತ್ರ ಹೊಡೆದು ಕೆಳಗೆ ಯಾರು ನೋಡುತ್ತಾರೆ ಅಂತ ಬಿಡುತ್ತಾರೆ. ಫ್ರೇಮ್ ಕೆಲಸದಲ್ಲಿ ದಿನಾ ಇದೇ ಜಗಳ.

ಹಳಿಯ ನಕ್ಷೆ ಇಂಗ್ಲೆಂಡಿನ ಅಲನ್ ರೈಟ್ ಅವರದು. ಹೆಸರು ‘ಇಂಗಲ್‌ನುಕ್ ಸೈಡಿಂಗ್ಸ್’. ಎರಡೇ ಪಾಯಿಂಟ್ (ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗ), ಮೂರೇ ಸೈಡಿಂಗ್ (ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿ). ಒಂದು ಸೈಡಿಂಗ್‌ನಲ್ಲಿ ಐದು ವ್ಯಾಗನ್ ಹಿಡಿಯಬೇಕು, ಉಳಿದ ಎರಡರಲ್ಲಿ ಮೂರು ಮೂರು. ಈ ಕಡೆ ಎಂಜಿನ್ ನಿಲ್ಲುವ ತುದಿಯಲ್ಲಿ ಎಂಜಿನ್ ಮತ್ತು ಮೂರು ವ್ಯಾಗನ್‌ಗೆ ಮಾತ್ರ ಜಾಗ. ಜಾಸ್ತಿ ಜಾಗ ಇದೆ ಅಂತ ಉದ್ದ ಮಾಡಿದರೆ ಆಟವೇ ಸತ್ತುಹೋಗುತ್ತದೆ. ಇಕ್ಕಟ್ಟಿನಲ್ಲೇ ಇದರ ಮಜಾ.

ಅಳತೆ ಪುಸ್ತಕದಿಂದ ತಗೊಳ್ಳಬೇಡಿ, ಗಾಡಿಯಿಂದ ತಗೊಳ್ಳಿ. ನಿಮ್ಮ ಐದು ವ್ಯಾಗನ್ ಒಂದಕ್ಕೊಂದು ಜೋಡಿಸಿ ಮೇಜಿನ ಮೇಲೆ ಇಟ್ಟು ಅಳೆಯಿರಿ. 1:76 ಅಳತೆಯ, ಅಂದರೆ ನಿಜದ ಗಾಡಿಯ 76ರಲ್ಲಿ ಒಂದು ಪಾಲಿನ, ನಾಲ್ಕು ಚಕ್ರದ ವ್ಯಾಗನ್ ಆದರೆ ಐದು ಕೂಡಿ 42 ಸೆಂ.ಮೀ. ಆಸುಪಾಸು ಬರುತ್ತದೆ. ಪೆಕೊ ಕಂಪನಿಯ ಸಣ್ಣ ಪಾಯಿಂಟ್ 185 ಮಿ.ಮೀ. ಉದ್ದ. ಎರಡು ಪಾಯಿಂಟ್, ಉದ್ದದ ಸೈಡಿಂಗ್, ಎಂಜಿನ್ ತುದಿ ಎಲ್ಲ ಕೂಡಿಸಿ ನೋಡಿ, ನಾಲ್ಕೂವರೆ ಅಡಿಯಲ್ಲಿ ಕೂರುತ್ತದೆ. ಈಗ ವಾಡಿ ಜಂಕ್ಷನ್ ಕಡೆ ಓಡಾಡುವ ಎಂಟು ಚಕ್ರದ ಬಾಕ್ಸ್‌ಎನ್ ವ್ಯಾಗನ್ ಬೇಕು ಅಂತ ಹಟ ಹಿಡಿಯಬೇಡಿ. ಅದರ ಉದ್ದ 10.7 ಮೀಟರ್. 1:76ಕ್ಕೆ ಇಳಿಸಿದರೂ 14 ಸೆಂ.ಮೀ. ಐದು ನಿಲ್ಲಿಸಿದರೆ ಅರ್ಧ ಹಲಗೆ ಅದಕ್ಕೇ ಹೋಯಿತು. ಹಳೆ ಕಾಲದ ಗೂಡ್ಸ್ ಶೆಡ್‌ನಲ್ಲಿ ನಿಲ್ಲುತ್ತಿದ್ದ ನಾಲ್ಕು ಚಕ್ರದವೇ ಇರಲಿ.

ಪಾಯಿಂಟ್ ದಾಟಿದ ತಕ್ಷಣ ಸೈಡಿಂಗ್ ಶುರುವಾಗುವುದಿಲ್ಲ. ಇದು ಕಾಗದದ ಮೇಲೆ ಕಾಣುವುದಿಲ್ಲ, ಗಾಡಿ ಇಟ್ಟರೆ ಕಾಣುತ್ತದೆ. ಎರಡೂ ಹಳಿಯ ಮೇಲೆ ಒಂದೊಂದು ವ್ಯಾಗನ್ ಇಡಿ. ಬೆರಳಿನಿಂದ ಮೆಲ್ಲಗೆ ಪಾಯಿಂಟ್ ಕಡೆಗೆ ತಳ್ಳುತ್ತಾ ಬನ್ನಿ. ಒಂದರ ಮೂಲೆ ಇನ್ನೊಂದಕ್ಕೆ ತಾಗುತ್ತದೆ. ಅಲ್ಲಿಂದ ಒಂದು ಸೆಂ.ಮೀ. ಹಿಂದೆ ಸರಿದು ಪೆನ್ಸಿಲ್‌ನಿಂದ ಗುರುತು ಮಾಡಿ. ಮೂರು ವ್ಯಾಗನ್ನಿನ ಲೆಕ್ಕ ಅಲ್ಲಿಂದ ಶುರು. ನಿಜವಾದ ಯಾರ್ಡ್‌ನಲ್ಲಿ ಆ ಜಾಗಕ್ಕೆ ಫೌಲಿಂಗ್ ಮಾರ್ಕ್ ಇಡುತ್ತಾರೆ. ನೀವೂ ಒಂದು ಬಿಳಿ ಚೂರು ಅಂಟಿಸಿ.

ವೈರಿಂಗ್ ಬಗ್ಗೆ ಹೆದರಬೇಡಿ. ಒಂದೇ ಎಂಜಿನ್ ಓಡುವುದು. ಇನ್ಸುಲ್‌ಫ್ರಾಗ್ ಪಾಯಿಂಟ್, ಅಂದರೆ ಹಳಿಗಳು ಒಂದನ್ನೊಂದು ದಾಟುವ ಮೂಲೆ ಪ್ಲಾಸ್ಟಿಕ್ಕಿನದಾಗಿರುವುದು, ತಗೊಂಡರೆ ಎಂಜಿನ್ ತುದಿಯ ಹಳಿಗೆ ಎರಡು ವೈರ್ ಸಾಕು. ಪಾಯಿಂಟ್ ಯಾವ ಕಡೆ ತಿರುಗಿದೆಯೋ ಆ ಕಡೆಗೆ ಕರೆಂಟ್ ತಾನೇ ಹೋಗುತ್ತದೆ. 12 ವೋಲ್ಟ್ ಡಿಸಿ, ವೇಗ ಏರಿಸಿ ಇಳಿಸುವ ಕಂಟ್ರೋಲರ್ ಮೂಲಕ. ಹಳಿ ಕೂಡುವ ಕಡೆ ವಿಸಿಟಿಂಗ್ ಕಾರ್ಡ್ ದಪ್ಪದಷ್ಟು ಸಂದು ಬಿಡಿ, ಬೇಸಿಗೆಗೆ ಬೇಕಾಗುತ್ತದೆ.

ಹಳಿ ಹಾಸುವಾಗ ಒಂದು ತಕರಾರು ಬರುತ್ತದೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. 1:76ಕ್ಕೆ ಇಳಿಸಿದರೆ 22 ಮಿ.ಮೀ. ಆಗಬೇಕು. ಅಂಗಡಿಯಲ್ಲಿ ಸಿಗುವ ಹಳಿ 16.5 ಮಿ.ಮೀ. ಗಾಡಿ ಅಗಲ, ಹಳಿ ಸಣ್ಣ. ಇಲ್ಲಿ ಇಬ್ಬರು ಉಸ್ತಾದರು ಎದುರುಬದುರು ನಿಲ್ಲುತ್ತಾರೆ. ಇಂಗ್ಲೆಂಡಿನಲ್ಲಿ ಪೀಟರ್ ಡೆನ್ನಿ ಅನ್ನುವ ಪಾದ್ರಿ ಇದ್ದರು. ಅವರ ‘ಬಕಿಂಗ್‌ಹ್ಯಾಮ್’ ಲೇಔಟ್ 1940ರ ದಶಕದಲ್ಲಿ ಶುರುವಾಗಿದ್ದು, ಇವತ್ತಿಗೂ ಓಡುತ್ತದೆ. 16.5 ಸಣ್ಣದಾಯಿತು ಅಂತ ಅವರು 18 ಮಿ.ಮೀ. ಹಳಿಯನ್ನು ಕೈಯಾರೆ ಮಾಡಿಕೊಂಡರು. ಅಮೆರಿಕದ ಡೇಟನ್ ಊರಿನ ಅಲೆನ್ ಮ್ಯಾಕ್‌ಲೆಲಂಡ್ ಬೇರೆ ಮನುಷ್ಯ. ಅವರ ‘ವರ್ಜಿನಿಯನ್ ಆ್ಯಂಡ್ ಓಹಿಯೋ’ ದೊಡ್ಡ ಲೇಔಟ್. ಎಲ್ಲ ಕಡೆ ಒಂದೇ ಮಟ್ಟಕ್ಕೆ ಚೆನ್ನಾಗಿದ್ದರೆ ಸಾಕು, ಒಂದೇ ಮೂಲೆಯನ್ನು ತಿದ್ದುತ್ತಾ ಕೂತರೆ ರೈಲು ಓಡುವುದು ಯಾವಾಗ ಅನ್ನುವುದು ಅವರ ಲೆಕ್ಕ. ಮೊದಲ ಹಲಗೆಗೆ ನನ್ನ ಓಟು ಮ್ಯಾಕ್‌ಲೆಲಂಡ್‌ಗೆ. 16.5 ಹಾಸಿ, ಮುಂದೆ ಹೋಗಿ. ಎರಡನೇ ಹಲಗೆ ಹೊತ್ತಿಗೆ ಡೆನ್ನಿ ಕಾಡಿದರೆ ಆಗ ನೋಡಿಕೊಳ್ಳಿ.

ಮ್ಯಾಕ್‌ಲೆಲಂಡ್‌ರಿಂದ ಇನ್ನೊಂದು ತಗೊಳ್ಳಬೇಕು, ಅದು ಇದಕ್ಕಿಂತ ದೊಡ್ಡದು. ಅವರ ಗಾಡಿಗಳು ಕೋಣೆಯ ಗೋಡೆಗೆ ಮುಗಿಯುತ್ತಿರಲಿಲ್ಲ. ಗೋಡೆಯ ಆಚೆ ಕಾಣದ ಊರುಗಳಿವೆ, ಮಾಲು ಅಲ್ಲಿಂದ ಬರುತ್ತದೆ, ಅಲ್ಲಿಗೆ ಹೋಗುತ್ತದೆ ಅಂತ ಲೆಕ್ಕ ಹಾಕಿಯೇ ಓಡಿಸುತ್ತಿದ್ದರು. ನಮಗೆ ಇದು ಬಹಳ ಸುಲಭ, ಯಾಕಂದ್ರೆ ವಾಡಿ ಇದೆ. ವಾಡಿಯಿಂದ ಒಂದು ದಾರಿ ಸೊಲ್ಲಾಪುರ, ಮುಂಬೈಗೆ. ಒಂದು ಯಾದಗಿರಿ, ರಾಯಚೂರು, ಗುಂತಕಲ್ ಕಡೆಗೆ. ಇನ್ನೊಂದು ತಾಂಡೂರು, ಸಿಕಂದರಾಬಾದ್‌ಗೆ. ಅದು ನಿಜಾಮರ ಕಾಲದ್ದು, 1874ರಲ್ಲಿ ಶುರುವಾದ ಲೈನು. ನಿಮ್ಮ ಹಲಗೆ ವಾಡಿ ಅಲ್ಲ. ವಾಡಿ, ಶಹಾಬಾದ್ ನಡುವೆ ಎಲ್ಲೋ ಇರುವ ಒಂದು ಪುಟ್ಟ ಕಲ್ಲಿನ ಸೈಡಿಂಗ್ ಅಂದುಕೊಳ್ಳಿ. ಎಂಜಿನ್ ತುದಿ ಅಲಮಾರಿಯ ಮರೆಗೆ ಹೋಗಲಿ. ಆ ಮರೆಯೇ ವಾಡಿ.

ಈಗ ಆಟ. ಎಂಟು ವ್ಯಾಗನ್. ಐದು ಉದ್ದದ ಸೈಡಿಂಗ್‌ನಲ್ಲಿ, ಮೂರು ಪಕ್ಕದ್ದರಲ್ಲಿ. ಒಂದೊಂದು ವ್ಯಾಗನ್‌ಗೆ ಒಂದೊಂದು ಚೀಟಿ. ನಾನು ಮೌಂಟ್ ಬೋರ್ಡಿನ, ಅಂದರೆ ಫ್ರೇಮಿನಲ್ಲಿ ಫೋಟೋ ಸುತ್ತ ಇಡುವ ದಪ್ಪ ರಟ್ಟಿನ, ತುಂಡಿನಲ್ಲಿ ಮಾಡಿಕೊಂಡಿದ್ದೇನೆ. ಚೀಟಿ ಕಲಸಿ ಐದು ಎತ್ತಿ. ಎತ್ತಿದ ಕ್ರಮದಲ್ಲೇ ಆ ಐದು ವ್ಯಾಗನ್ ಉದ್ದದ ಸೈಡಿಂಗ್‌ನಲ್ಲಿ ನಿಲ್ಲಬೇಕು. ಕೈಯಿಂದ ಎತ್ತಿ ಇಡುವ ಹಾಗಿಲ್ಲ, ಎಂಜಿನ್ನೇ ಎಳೆಯಬೇಕು, ತಳ್ಳಬೇಕು. ಎಂಟರಲ್ಲಿ ಐದನ್ನು ಕ್ರಮವಾಗಿ ಎತ್ತುವ ದಾರಿ 6,720 ಇವೆ. ಒಂದೇ ಆಟ ಮತ್ತೆ ಬರುವುದು ಅಪರೂಪ.

ಅಂಗಡಿಯ ಹುಡುಗ ಮೊದಲು ಇದನ್ನು ನೋಡಿ ನಕ್ಕಿದ್ದ. ಆಮೇಲೆ ಒಂದು ಮಧ್ಯಾಹ್ನ ಊಟ ಮರೆತು ಕೂತ. “ಕಾಕಾ, ಮೂರನೇದು ತೆಗೀಬೇಕಂದ್ರ ಮೊದಲಿನ ಎರಡೂ ಎಲ್ಲಿ ಇಡ್ಲಿ?” ಅಂತ ಕೇಳಿದ. “ಅದನ್ನೇ ಹುಡುಕಪ್ಪಾ, ನನಗ್ಯಾಕ ಕೇಳ್ತಿ” ಅಂದೆ. ಒಂದು ಸುಳಿವು ನಿಮಗೆ ಕೊಡುತ್ತೇನೆ. ಮೂರನೇ ಸೈಡಿಂಗ್ ಖಾಲಿ ಇರುವಾಗ ಅದನ್ನು ತುಂಬಿಸಲು ಅವಸರ ಮಾಡಬೇಡಿ. ಖಾಲಿ ಜಾಗವೇ ನಿಮ್ಮ ಬಂಡವಾಳ.

ಜೋಡಣೆ ಬಿಡಿಸಲು ತೆಳು ಪ್ಲಾಸ್ಟಿಕ್ ಪಟ್ಟಿ ಸಾಕು. ಎರಡು ವ್ಯಾಗನ್ ನಡುವೆ ಪಕ್ಕದಿಂದ ತೂರಿಸಿ, ಕೊಂಡಿ ಮೇಲೆತ್ತಿ, ಎಂಜಿನ್ ಸ್ವಲ್ಪ ಸರಿಸಿ. ಹಳಿಯನ್ನು ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆ. ಪಾಲೀಷ್ ಪೇಪರ್ ಮುಟ್ಟಬೇಡಿ, ಅದು ಮಾಡುವ ಗೀರಿನಲ್ಲೇ ಮುಂದೆ ಧೂಳು ಕೂರುತ್ತದೆ.

ಜಾನ್ ಅಲೆನ್ ಕೂಡ ಇಂಥದ್ದೇ ಒಂದು ಒಗಟು ಮಾಡಿದ್ದರು, ಹೆಸರು ‘ಟೈಮ್‌ಸೇವರ್’. ಐದು ಪಾಯಿಂಟ್ ಬೇಕು, ಗಡಿಯಾರ ಇಟ್ಟು ಆಡುವುದು. ಪಾಯಿಂಟ್ ರೇಟು ನೋಡಿದರೆ ಅದು ಮುಂದಿನ ದೀಪಾವಳಿಗೆ ಇರಲಿ.

ಬರೀ ಒಗಟು ಆಡುತ್ತಾ ಹೋದರೆ ಸ್ವಲ್ಪ ದಿನಕ್ಕೆ ಬೇಸರ ಬರುತ್ತದೆ. ಅದಕ್ಕೆ ಮದ್ದು ಫ್ರಾಂಕ್ ಎಲಿಸನ್ ಹತ್ತಿರ ಇದೆ. ನ್ಯೂ ಆರ್ಲಿಯನ್ಸ್‌ನವರು, ‘ಡೆಲ್ಟಾ ಲೈನ್ಸ್’ ಕಟ್ಟಿದವರು. ಮೊದಲು ನಾಟಕದ ಕೆಲಸದಲ್ಲಿದ್ದರು. 1944ರಲ್ಲಿ ಬರೆದ ಲೇಖನಗಳಲ್ಲಿ ಅವರು ಲೇಔಟನ್ನು ರಂಗಕ್ಕೆ ಹೋಲಿಸಿದರು. ಹಲಗೆ ರಂಗ, ಗಾಡಿಗಳು ಪಾತ್ರ, ಟೈಮ್‌ಟೇಬಲ್ಲೇ ಕಥೆ. ಕಂಪನಿ ನಾಟಕ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಾತ್ರ ಸುಮ್ನೆ ರಂಗದ ಮೇಲೆ ಸುತ್ತಾಡಿದರೆ ಜನ ಎದ್ದು ಹೋಗುತ್ತಾರೆ. ಬಂದಿದ್ದಕ್ಕೆ ಕಾರಣ ಬೇಕು, ಹೋಗಲಿಕ್ಕೆ ಅವಸರ ಬೇಕು.

ಹಾಗಾಗಿ ಚೀಟಿಯ ಹಿಂದೆ ಕಥೆ ಬರೆಯಿರಿ. ಒಂದರಲ್ಲಿ ‘ಫರಸಿ ಕಲ್ಲು, ಪುಣೆಗೆ’. ಒಂದರಲ್ಲಿ ‘ತೊಗರಿ ಬೇಳೆ, ಚೆನ್ನೈಗೆ’. ಒಂದರಲ್ಲಿ ‘ಸಿಮೆಂಟ್, ಸಿಕಂದರಾಬಾದ್’. ಒಂದು ಖಾಲಿ ವ್ಯಾಗನ್, ಲೋಡಿಗೆ ಬಂದಿದ್ದು. ಒಂದು ರಿಪೇರಿಗೆ ಹೋಗಬೇಕಾದದ್ದು, ಅದು ಯಾವಾಗಲೂ ಕೊನೆಗೇ ಇರಬೇಕು ಅನ್ನುವ ನಿಯಮ ಮಾಡಿ. ವಾಡಿಯ ಗಾಡಿ ಹಿಡಿಯಲು 20 ನಿಮಿಷ ಅಂತ ಮೊಬೈಲ್‌ನಲ್ಲಿ ಅಲಾರಂ ಇಡಿ. ಆಟ ಅದೇ, ಹಳಿ ಅದೇ. ಆದರೆ ಈಗ ಕೈ ಬೆವರುತ್ತದೆ.

ಡೆನ್ನಿ ಅವರ ಬಕಿಂಗ್‌ಹ್ಯಾಮ್‌ನಲ್ಲಿ ಒಂದು ಸ್ಟೇಷನ್‌ನಿಂದ ಇನ್ನೊಂದಕ್ಕೆ ಗಂಟೆ ಬಾರಿಸಿ ಹೇಳಿಯೇ ಗಾಡಿ ಬಿಡುತ್ತಿದ್ದರು. ಆ ಕಡೆ ಮಗ ಕ್ರಿಸ್ಪಿನ್ ಕೂರುತ್ತಿದ್ದ. ಮಗ ದೊಡ್ಡವನಾಗಿ ಮನೆ ಬಿಟ್ಟ ಮೇಲೆ ಅವನ ಜಾಗಕ್ಕೆ ಡೆನ್ನಿ ಒಂದು ಯಂತ್ರವನ್ನೇ ಮಾಡಿ ಕೂರಿಸಿದರು. ಅದಕ್ಕೆ ‘ಆಟೊಮ್ಯಾಟಿಕ್ ಕ್ರಿಸ್ಪಿನ್’ ಅಂತ ಹೆಸರು. ಯಂತ್ರವೇ ಗಂಟೆ ಬಾರಿಸಿ ಉತ್ತರ ಕೊಡುತ್ತಿತ್ತು. ನಮಗೆ ಅಷ್ಟು ಬೇಡ. ಎರಡು ಬಜರ್, ಎರಡು ಬೆಲ್ ಸ್ವಿಚ್, ಒಂದು ಬ್ಯಾಟರಿ ತನ್ನಿ. ಒಬ್ಬರು ಹಲಗೆ ಹತ್ತಿರ, ಇನ್ನೊಬ್ಬರು ಅಡುಗೆಮನೆಯಲ್ಲೋ ಪಡಸಾಲೆಯಲ್ಲೋ ‘ವಾಡಿ’ ಆಗಿ ಕೂರಲಿ. ಬ್ರಿಟಿಷ್ ರೈಲ್ವೆಯ ಸಂಕೇತ ಸರಳ. ಒಂದು ಸಲ ಬಾರಿಸಿದರೆ ‘ಕೇಳಿಸಿಕೋ’. ಎರಡು ಸಲ ಅಂದರೆ ಗಾಡಿ ಹೊರಟಿತು. ಎರಡು, ಸ್ವಲ್ಪ ತಡೆದು ಒಂದು ಅಂದರೆ ಗಾಡಿ ಬಂದು ಮುಟ್ಟಿತು. ನನ್ನ ಹೆಂಡತಿ ರೊಟ್ಟಿ ಬಡಿಯುತ್ತಲೇ ವಾಡಿ ಆಗುತ್ತಾಳೆ. ಅವಳಿಗೆ ಸಿಟ್ಟು ಬಂದ ದಿನ ಲೈನ್ ಕ್ಲಿಯರ್ ಸಿಗುವುದಿಲ್ಲ.

ಕಟ್ಟಡಗಳಿಗೆ ಜಾನ್ ಅಹರ್ನ್ ಹತ್ತಿರ ಹೋಗಬೇಕು. ಅವರ ‘ಮ್ಯಾಡರ್ ವ್ಯಾಲಿ’ ಇಂಗ್ಲೆಂಡಿನ ಲಾಂಗ್ ವಿಟನ್‌ಹ್ಯಾಮ್‌ನ ಪೆಂಡನ್ ಮ್ಯೂಸಿಯಂನಲ್ಲಿ ಉಳಿದಿದೆ. ಊರು ಕಲ್ಪನೆಯದು. ಮನೆಗಳು ಮಾತ್ರ ಬೇರೆ ಬೇರೆ ಊರಿನಲ್ಲಿ ನಿಜವಾಗಿ ನಿಂತಿದ್ದವನ್ನು ನೋಡಿ ಮಾಡಿದವು, ಅದೂ ಕಾರ್ಡ್‌ಬೋರ್ಡಿನಲ್ಲಿ. ನೀವೂ ಹಾಗೇ ಮಾಡಿ. ಪೇಟೆಯ ಪ್ಲಾಸ್ಟಿಕ್ ಮನೆ ತಂದರೆ ಜರ್ಮನಿಯ ಹಳ್ಳಿ ಬರುತ್ತದೆ, ಶಹಾಬಾದ್ ಬರುವುದಿಲ್ಲ.

1:76ರಲ್ಲಿ ಒಂದು ಅಡಿ ಅಂದರೆ 4 ಮಿ.ಮೀ. ಏಳು ಅಡಿ ಬಾಗಿಲು 28 ಮಿ.ಮೀ. ಇಷ್ಟು ಗೊತ್ತಿದ್ದರೆ ಯಾವ ಕಟ್ಟಡವನ್ನಾದರೂ ಮಾಡಬಹುದು. ಫರಸಿ ಮಾಡುವುದನ್ನು ಹೇಳುತ್ತೇನೆ, ಯಾಕಂದ್ರೆ ಅದಿಲ್ಲದೆ ನಮ್ಮ ಕಡೆಯ ಸೈಡಿಂಗ್ ಅಂತ ಯಾರೂ ಒಪ್ಪುವುದಿಲ್ಲ. ಫ್ರೇಮ್ ಅಂಗಡಿಯಲ್ಲಿ ಬೂದು ಬಣ್ಣದ ಮೌಂಟ್ ಬೋರ್ಡ್ ಚೂರು ಕೇಳಿ, ಬಿಸಾಡುವುದೇ ಇರುತ್ತದೆ, ಕೊಡುತ್ತಾರೆ. 8 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ, ಪಟ್ಟಿಯನ್ನು ಮತ್ತೆ 8 ಮಿ.ಮೀ.ಗೆ ತುಂಡು ಮಾಡಿ. ಎರಡು ಅಡಿ ಚೌಕದ ಫರಸಿ ಆಯಿತು. ಬ್ಲೇಡ್ ಹೊಸದಿರಲಿ, ಒಂದೇ ಏಟಿಗೆ ಒತ್ತಬೇಡಿ, ಮೂರು ಸಲ ಹಗುರ ಎಳೆಯಿರಿ. ಎಲ್ಲಕ್ಕೂ ಒಂದೇ ಬಣ್ಣ ಹಚ್ಚಿದರೆ ಬಾತ್‌ರೂಮ್ ಟೈಲ್ಸ್ ಅನಿಸುತ್ತದೆ. ಕೆಲವಕ್ಕೆ ಮೆತ್ತನೆ ಪೆನ್ಸಿಲ್ ಉಜ್ಜಿ, ಕೆಲವಕ್ಕೆ ಹಾಲಿಲ್ಲದ ಚಹಾ ತೆಳ್ಳಗೆ ಸವರಿ, ಕೆಲವನ್ನು ಹಾಗೇ ಬಿಡಿ. ಆಮೇಲೆ ಕೆಲವನ್ನು ಅಡ್ಡಲಾಗಿ ಅಟ್ಟಿ ಒಟ್ಟಿ, ಕೆಲವನ್ನು ಗೋಡೆಗೆ ಒರಗಿಸಿ. ಹೊಲದ ಬದುವಿಗೆ ನೆಟ್ಟ ಹಾಗೆ ಒಂದು ಸಾಲು ಉದ್ದುದ್ದ ನಿಲ್ಲಿಸಿ. ಒಂದೆರಡು ಮೂಲೆ ಮುರಿದಿರಲಿ.

ಹಳಿಯ ಕಂಕರ್‌ಗೆ ಕಲ್ಲು ಕೊಯ್ಯುವ ಕಡೆಯಿಂದ ಸಣ್ಣ ಪುಡಿ ತನ್ನಿ. ರೈಲ್ವೆಯ ಕಂಕರ್ ದೊಡ್ಡದು ಅಂದರೆ 65 ಮಿ.ಮೀ., ನಮ್ಮ ಅಳತೆಗೆ ಒಂದು ಮಿ.ಮೀ.ಗಿಂತ ಕಡಿಮೆ. ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ. ಜರಡಿ ಆದ ಮೇಲೆ ಅಯಸ್ಕಾಂತ ಆಡಿಸುವುದು ಮರೆಯಬೇಡಿ. ಬ್ಲೇಡಿನ ಕಬ್ಬಿಣದ ಚೂರು ಉಳಿದರೆ ನೇರ ಹೋಗಿ ಎಂಜಿನ್ ಮೋಟಾರಿಗೆ ಅಂಟುತ್ತದೆ. ಒಂದು ಪಾಲು ಫೆವಿಕಾಲ್‌ಗೆ ಎರಡು ಪಾಲು ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ. ಹನಿ ಹನಿಯಾಗಿ ಬಿಡಿ. ಪಾಯಿಂಟ್‌ನ ಆಡುವ ಭಾಗದ ಹತ್ತಿರ ಮಾತ್ರ ಬಿಡಬೇಡಿ.

ಅಲೆನ್‌ರಿಂದ ಕನ್ನಡಿಯ ಯುಕ್ತಿ ತಗೊಳ್ಳಿ. ಸಣ್ಣ ಜಾಗ ದೊಡ್ಡದು ಕಾಣಲಿ ಅಂತ ಅವರು ಲೇಔಟ್‌ನಲ್ಲಿ ಅಲ್ಲಲ್ಲಿ ಕನ್ನಡಿ ಅಡಗಿಸಿದ್ದರು. ಹಲಗೆಯ ತುದಿಯಲ್ಲಿ ರಸ್ತೆ ಮುಗಿಯುವ ಕಡೆ ಒಂದು ಕಮಾನು ಮಾಡಿ, ಅದರ ಹಿಂದೆ ಕನ್ನಡಿ ನಿಲ್ಲಿಸಿ. 2 ಮಿ.ಮೀ. ಕನ್ನಡಿ ಕೇಳಿ. ಕನ್ನಡಿಯ ಹೊಳಪಿನ ಲೇಪ ಗಾಜಿನ ಹಿಂದೆ ಇರುವುದರಿಂದ ದಪ್ಪದ್ದರಲ್ಲಿ ರಸ್ತೆಗೂ ಅದರ ನೆರಳಿಗೂ ನಡುವೆ ಗಾಜಿನ ಗೆರೆ ಕಾಣುತ್ತದೆ. ರಸ್ತೆಗೆ ಸರಿಯಾಗಿ 90 ಡಿಗ್ರಿ ನಿಲ್ಲಿಸಿ, ಸ್ವಲ್ಪ ವಾರೆಯಾದರೂ ರಸ್ತೆ ಮುರಿದ ಹಾಗೆ ಕಾಣುತ್ತದೆ. ಗಾಡಿ ಓಡುವ ಹಳಿಯ ತುದಿಗೆ ಕನ್ನಡಿ ಬೇಡ. ಎದುರಿನಿಂದ ಇನ್ನೊಂದು ಎಂಜಿನ್ ಬಂದು ಡಿಕ್ಕಿ ಹೊಡೆಯುವ ಹಾಗೆ ಕಂಡು ಮಕ್ಕಳು ಕಿರುಚುತ್ತಾರೆ. ಅಲೆನ್ ಆಗಿದ್ದರೆ ನಗುತ್ತಿದ್ದರು ಬಿಡಿ, ಅವರು ಡೈನೋಸಾರ್ ಒಂದನ್ನು ಹಳಿ ಮೇಲೆ ಎಂಜಿನ್ ಕೆಲಸಕ್ಕೆ ಇಟ್ಟವರು.

ಅಮೆರಿಕ, ಇಂಗ್ಲೆಂಡ್ ಆಯಿತು. ಕಲಬುರಗಿ, ಶಹಾಬಾದ್, ವಾಡಿಯ ರೈಲ್ವೆ ಕಾಲೊನಿಗಳಲ್ಲಿ ನಿವೃತ್ತರಾದವರು ಯಾರಾದರೂ ಮರದಲ್ಲೋ ತಗಡಿನಲ್ಲೋ ರೈಲು ಕಟ್ಟಿ ಇಟ್ಟಿದ್ದರೆ, ಅವರು ಇರುವಾಗಲೇ ಹೋಗಿ. ಎದುರಿಗೆ ನಿಲ್ಲಿಸಿ ಸಂದರ್ಶನ ಮಾಡಬೇಡಿ, ರೀ, ಮುದುಕರು ಗಂಭೀರ ಆಗಿಬಿಡುತ್ತಾರೆ. “ಮಾಮಾ, ಒಂದ್ಸಲ ಓಡಿಸಿ ತೋರಿಸ್ರಿ” ಅನ್ನಿ. ಮುಖ ಬಿಟ್ಟು ಕೈ ಶೂಟ್ ಮಾಡಿ. ಯಾವ ಸ್ವಿಚ್ ಮೊದಲು, ಎಲ್ಲಿ ತಡೆಯುತ್ತಾರೆ, ಎಲ್ಲಿ ಬೆರಳಿನಿಂದ ತಟ್ಟುತ್ತಾರೆ, ಅವರ ಲೇಔಟ್ ಇರುವುದೇ ಅಲ್ಲಿ. ಮೇಲಿನಿಂದ ನೇರ ಒಂದು ಫೋಟೋ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಕೆಳಗಿನ ವೈರಿಂಗ್‌ನ ಒಂದು ಫೋಟೋ. ಮನೆಯವರಲ್ಲಿ ಒಬ್ಬರಿಗಾದರೂ ಓಡಿಸಲು ಕಲಿಸಿಯೇ ಅಲ್ಲಿಂದ ಎದ್ದು ಬನ್ನಿ. ಓಡಿಸಲು ಬಾರದ ಮನೆಯಲ್ಲಿ ಅದು ಅಟ್ಟ ಸೇರುತ್ತದೆ, ಅಟ್ಟದಿಂದ ಗುಜರಿಗೆ.

ನಿಮ್ಮ ಹಲಗೆಗೂ ಇದೇ ಲೆಕ್ಕ. ಕೆಳಮೈಯಲ್ಲಿ ಒಂದು ಕಾಗದ ಅಂಟಿಸಿ. ಆಟದ ನಿಯಮ, ವೈರ್ ಬಣ್ಣ, ಕಂಟ್ರೋಲರ್ ಎಷ್ಟು ವೋಲ್ಟ್. ಯಾವ ಯುಕ್ತಿ ಯಾರದು ಅನ್ನುವುದೂ ಇರಲಿ, ಹಳಿ ರೈಟ್, ಚೀಟಿ ಎಲಿಸನ್, ಗಂಟೆ ಡೆನ್ನಿ, ಹೀಗೆ. ಬಾಲ್‌ಪೆನ್ ಬೇಡ, ಪೆನ್ಸಿಲ್‌ನಲ್ಲಿ ಬರೆಯಿರಿ, ಅದು ಹರಡುವುದಿಲ್ಲ. ಸೆಲೋಟೇಪ್ ಅಂತೂ ಬೇಡವೇ ಬೇಡ. ನಮ್ಮ ಬಿಸಿಲಿಗೆ ಎರಡು ಬೇಸಿಗೆಯಲ್ಲಿ ಹಳದಿಯಾಗಿ ಕಾಗದ ಸಮೇತ ಉದುರುತ್ತದೆ. ಮೈದಾ ಅಂಟು ಕಾಯಿಸಿ, ಜಿರಲೆ ತಿನ್ನದ ಹಾಗೆ ಚಿಟಿಕೆ ಮೈಲುತುತ್ತ ಹಾಕಿ, ಅಂಚಿನ ತನಕ ಹಚ್ಚಿ. ಮೈಲುತುತ್ತ ವಿಷ, ಆ ಪಾತ್ರೆಯನ್ನು ಮತ್ತೆ ಅಡುಗೆಮನೆಗೆ ಒಯ್ಯಬೇಡಿ.